ಹಾಫ್ಡನ್ ಮಾಹ್ಲರ್ ಅವರ ಸೇವಾವಧಿಯ ಕಥೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಸಮಾಜಕಾರ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ವಿಭಾಗದ ವಿಚಾರಗೋಷ್ಠಿಯಲ್ಲಿ ಇಪ್ಪತ್ತು ನಿಮಿಷ ಮಾತನಾಡಬೇಕಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ಮೂರನೆಯ ಮಹಾನಿರ್ದೇಶಕರಾಗಿದ್ದ ಡಾ. ಹಾಫ್ಡನ್ ಮಾಹ್ಲರ್ ಅವರನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ.

ನಾನು ಈವರೆಗೆ ಕಲೆಹಾಕಿರುವುದು ಇಷ್ಟು. ಅವರು 1923ರ ಏಪ್ರಿಲ್ 21ರಂದು ಡೆನ್ಮಾರ್ಕಿನ ವಿವಿಲ್ಡ್ ಎಂಬ ಸಣ್ಣ ಊರಿನಲ್ಲಿ ಬ್ಯಾಪ್ಟಿಸ್ಟ್ ಧರ್ಮಬೋಧಕರೊಬ್ಬರ ಮಗನಾಗಿ ಹುಟ್ಟಿದರು. 1948ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ಈಕ್ವೆಡಾರ್ ದೇಶದಲ್ಲಿ ರೆಡ್‌ಕ್ರಾಸ್ ನಡೆಸಿದ ಕ್ಷಯನಿವಾರಣಾ ಆಂದೋಲನದ ಹೊಣೆ ಹೊತ್ತರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯನ್ನು ಸೇರಿ, ಹತ್ತಿರ ಹತ್ತಿರ ಹತ್ತು ವರ್ಷ ಭಾರತದಲ್ಲಿದ್ದರು. 1962ರಲ್ಲಿ ಜಿನೀವಾದ ಕೇಂದ್ರ ಕಚೇರಿಯಲ್ಲಿ ಕ್ಷಯ ವಿಭಾಗದ ಮುಖ್ಯಸ್ಥರಾದರು, 1970ರಲ್ಲಿ ಸಹಾಯಕ ಮಹಾನಿರ್ದೇಶಕರಾದರು, 1973ರಿಂದ 1988ರವರೆಗೆ ಮೂರು ಅವಧಿಗೆ ಮಹಾನಿರ್ದೇಶಕರಾಗಿದ್ದರು. 1978ರ ಸೆಪ್ಟೆಂಬರಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ನಡೆದ ಸಮ್ಮೇಳನವು ಪ್ರಾಥಮಿಕ ಆರೋಗ್ಯ ರಕ್ಷಣೆಯ ಘೋಷಣೆಯನ್ನು ಹೊರಡಿಸಿದ್ದೂ, '2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ' ಎಂಬ ಗುರಿಯನ್ನು ಜಗತ್ತು ಒಪ್ಪಿಕೊಂಡಿದ್ದೂ ಅವರ ಕಾಲದಲ್ಲಿಯೇ. ನಿವೃತ್ತಿಯ ನಂತರ 1995ರವರೆಗೆ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವನ್ನು ಮುನ್ನಡೆಸಿದರು. 2016ರ ಡಿಸೆಂಬರ್ 14ರಂದು ತೀರಿಕೊಂಡರು.

ನನ್ನ ತೊಡಕು ಬೇರೆಯೇ ಇದೆ. ನಾನು ಓದಿದ ಹೆಚ್ಚಿನ ಬರಹಗಳು 1973ರಿಂದಲೋ 1978ರಿಂದಲೋ ಆರಂಭವಾಗುತ್ತವೆ, ಭಾರತದ ಹತ್ತು ವರ್ಷಗಳಿಗೆ ಒಂದೇ ಒಂದು ಸಾಲು ದಕ್ಕುತ್ತದೆ. ನಮ್ಮ ಮಾರ್ಗದರ್ಶಕರೂ "ಆಲ್ಮಾ ಆಟಾದಿಂದ ಸುರು ಮಾಡಮ್ಮಾ, ಉಳಿದದ್ದೆಲ್ಲಾ ಪೀಠಿಕೆ" ಎಂದಿದ್ದಾರೆ. ಆ ಹತ್ತು ವರ್ಷ ಬರಿಯ ಒಂದು ವರ್ಗಾವಣೆಯ ಅವಧಿಯೇ, ಅಥವಾ ಮುಂದೆ ಅವರು ಮಾಡಿದ್ದಕ್ಕೆ ಅಲ್ಲಿ ಬೇರು ಇದೆಯೇ? 2000ನೇ ಇಸವಿ ಬಂದು ಹೋಯಿತು, ಗುರಿ ಕೈಗೂಡಲಿಲ್ಲ. ಹಾಗಿದ್ದ ಮೇಲೆ ಇವರ ವೃತ್ತಿಜೀವನವನ್ನು ಸೋಲಿನ ಕಥೆಯಾಗಿಯೇ ಹೇಳಬೇಕಾಗುತ್ತದೆಯೇ? ಆರೋಗ್ಯ ಇಲಾಖೆಯಲ್ಲಿ ದುಡಿದವರು ಈ ಗುಂಪಿನಲ್ಲಿ ಬಹಳ ಮಂದಿ ಇದ್ದೀರಿ, ದಯವಿಟ್ಟು ತಿಳಿಸಬೇಕು.

ಉತ್ತರ 1: ವಿದ್ಯಾನಗರದ ನಿವೃತ್ತ ಅಧ್ಯಾಪಕ, ಹುಬ್ಬಳ್ಳಿ

ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಮುದಾಯ ವೈದ್ಯಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಮಾರ್ಗದರ್ಶಕರ ಮಾತನ್ನು ಮೀರಲು ಹೇಳುವುದು ತಪ್ಪಾದರೂ, ಈ ವಿಷಯದಲ್ಲಿ ನಿಮ್ಮ ಸಂದೇಹವೇ ಸರಿಯಾದ ದಾರಿ ಎಂದು ನನಗೆ ತೋರುತ್ತದೆ. ಆಲ್ಮಾ ಆಟಾದಲ್ಲಿ ಮಾಹ್ಲರ್ ಆಡಿದ ಮಾತಿನ ಬಹುಪಾಲು ನಮ್ಮ ನೆಲದಲ್ಲಿ, ಅದರಲ್ಲೂ ನಮ್ಮದೇ ರಾಜ್ಯದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಆಗಲೇ ಪರೀಕ್ಷೆಗೆ ಒಳಗಾಗಿತ್ತು.

ಅವರು ಬಂದ ಕಾಲದ ಸ್ಥಿತಿಯನ್ನು ಮೊದಲು ನೋಡಬೇಕು. 1951ರ ಸುಮಾರಿಗೆ ಕ್ಷಯಕ್ಕೆ ಸರ್ಕಾರದ ಕೈಯಲ್ಲಿದ್ದ ದೊಡ್ಡ ಅಸ್ತ್ರವೆಂದರೆ ಬಿ.ಸಿ.ಜಿ. ಲಸಿಕೆ. ತಂಡಗಳು ಊರೂರಿಗೆ ಹೋಗಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಚುಚ್ಚಿ, ಲೆಕ್ಕ ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದವು. ಈ ಆಂದೋಲನವನ್ನು ರಾಜಾಜಿಯವರಂಥ ಹಿರಿಯರೇ ಬಹಿರಂಗವಾಗಿ ವಿರೋಧಿಸಿದ್ದರು. ಕಾಯಿಲೆ ಬಿದ್ದವರಿಗೆ ಉಳಿದದ್ದು ಸ್ಯಾನಟೋರಿಯಂ, ಅಂದರೆ ಕ್ಷಯರೋಗಿಗಳನ್ನು ಬಹುಕಾಲ ಇರಿಸಿಕೊಳ್ಳುವ ಆಸ್ಪತ್ರೆ. ಅಲ್ಲಿನ ಹಾಸಿಗೆಗಳ ಸಂಖ್ಯೆಗೂ ದೇಶದಲ್ಲಿದ್ದ ರೋಗಿಗಳ ಸಂಖ್ಯೆಗೂ ಅಜಗಜಾಂತರ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕ್ಷಯವು ಪಟ್ಟಣದ ಗಿರಣಿ ಕೂಲಿಗಳ ಕಾಯಿಲೆ ಎಂಬ ಅಂದಿನ ನಂಬಿಕೆಯನ್ನು ತಲೆಕೆಳಗು ಮಾಡಿ, ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ ಎಂದು ತೋರಿಸಿತು. ರೋಗಿಗಳು ಲಕ್ಷಾಂತರ ಹಳ್ಳಿಗಳಲ್ಲಿ ಹರಡಿದ್ದಾರೆ ಎಂದ ಮೇಲೆ ಹಾಸಿಗೆಗಳ ಲೆಕ್ಕ ಹಾಕುವುದರಲ್ಲಿ ಅರ್ಥವೇ ಉಳಿಯಲಿಲ್ಲ.

ಎರಡನೆಯ ತಿರುವು ಬಂದದ್ದು ಮದ್ರಾಸಿನಿಂದ. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರವು 193 ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಮ್ಮಿನಲ್ಲಿ ಒಳ್ಳೆಯ ಊಟ ಹಾಗೂ ವಿಶ್ರಾಂತಿ ಕೊಟ್ಟು ಇರಿಸಿಕೊಂಡಿತು, ಇನ್ನೊಂದು ಗುಂಪಿಗೆ ಅದೇ ಗುಳಿಗೆಗಳನ್ನು ಕೊಟ್ಟು ಅವರವರ ಇಕ್ಕಟ್ಟಾದ ಮನೆಗಳಿಗೇ ಕಳಿಸಿತು. 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣಮುಖರಾದರು. ಮನೆಯಲ್ಲಿದ್ದ ರೋಗಿಗಳಿಂದ ಮನೆಯವರಿಗೆ ಸೋಂಕು ಹೆಚ್ಚಿದ್ದೂ ಕಾಣಲಿಲ್ಲ. ಗುಣಪಡಿಸುವುದು ಗುಳಿಗೆಯೇ ಹೊರತು ಕಟ್ಟಡವಲ್ಲ ಎಂದು ಜಗತ್ತಿನ ಕ್ಷಯತಜ್ಞರು ಒಪ್ಪಿಕೊಳ್ಳಬೇಕಾಯಿತು.

ಮೂರನೆಯದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಮೈಸೂರು ಮಹಾರಾಜರು ಬಿಟ್ಟುಕೊಟ್ಟ, ಬಳ್ಳಾರಿ ರಸ್ತೆಯ 'ಅವಲಾನ್' ಎಂಬ ಬಂಗಲೆಯಲ್ಲಿ 1959ರಲ್ಲಿ ಅದು ಕೆಲಸ ಆರಂಭಿಸಿತು, 1960ರ ಸೆಪ್ಟೆಂಬರಿನಲ್ಲಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದ ಕ್ಷಯ ಕಾರ್ಯಕ್ರಮಕ್ಕೆ ಲಗತ್ತಾಗಿದ್ದ ಹಿರಿಯ ಅಧಿಕಾರಿ ಮಾಹ್ಲರ್. ವೈದ್ಯರ ಪಕ್ಕದಲ್ಲಿ ಸಂಖ್ಯಾಶಾಸ್ತ್ರಜ್ಞರನ್ನೂ ಸಮಾಜಶಾಸ್ತ್ರದವರನ್ನೂ ಒಂದೇ ಮೇಜಿಗೆ ಕೂರಿಸಿದ್ದು ಆ ಸಂಸ್ಥೆಯ ವಿಶೇಷ. ಅಲ್ಲಿಂದ ತುಮಕೂರು ಜಿಲ್ಲೆಗೆ ಹೋದ ತಂಡ ಹಳ್ಳಿಗಳಲ್ಲಿ ಕ್ಷಯ ಎಷ್ಟಿದೆ ಎಂದು ಅಳೆಯಿತು. ಆಮೇಲೆ ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅದೇ ರೋಗಿಗಳ ಮನೆಗೆ ಹೋಗಿ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು: ನಿಮಗೆ ಮೈ ಸರಿಯಿಲ್ಲವೆಂದು ಗೊತ್ತಿತ್ತೇ, ಗೊತ್ತಿದ್ದರೆ ಏನು ಮಾಡಿದಿರಿ? 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ. ಬಹುತೇಕ ಎಲ್ಲ ರೋಗಿಗಳಿಗೂ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಪರಿಹಾರ ಹುಡುಕಿಕೊಂಡು ಆಸ್ಪತ್ರೆಯ ಬಾಗಿಲಿಗೆ ತಾವಾಗಿಯೇ ಹೋಗಿಬಂದಿದ್ದರು, ಅಲ್ಲಿ ಅವರಿಗೆ ಕೆಮ್ಮಿನ ಔಷಧದ ಶೀಶೆ ಕೊಟ್ಟು ಕಳಿಸಲಾಗಿತ್ತು.

ನಗರದವರು 'ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ' ಎಂದು ಸಲೀಸಾಗಿ ಹೇಳಿಬಿಡುತ್ತಾರಲ್ಲ, ಆ ಮಾತಿಗೆ ಇದಕ್ಕಿಂತ ಖಚಿತವಾದ ಉತ್ತರ ನಾನು ಕಂಡಿಲ್ಲ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿತು: ಎಕ್ಸ್-ರೇ ವಾಹನಗಳನ್ನು ಊರೂರಿಗೆ ಓಡಿಸುವ ಬದಲು, ಕೆಮ್ಮಿಕೊಂಡು ತಾನಾಗಿ ಬಂದವನ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಪರೀಕ್ಷಿಸಿ, ಗುಳಿಗೆಯನ್ನು ಅಲ್ಲಿಯೇ ಕೊಡುವುದು. ಪ್ರತಿ ಜಿಲ್ಲೆಗೆ ಒಂದು ಕ್ಷಯ ಕೇಂದ್ರವಿದ್ದು, ಉಳಿದ ಕೆಲಸವನ್ನು ಎಲ್ಲ ಕಾಯಿಲೆಗಳನ್ನೂ ನೋಡುವ ಸಾಮಾನ್ಯ ಆಸ್ಪತ್ರೆಗಳೇ ಮಾಡಬೇಕೆಂಬುದು ಅದರ ಕಲ್ಪನೆ. ಇದನ್ನು ಮಾಹ್ಲರ್ ಒಬ್ಬರೇ ಕಟ್ಟಿದರೆಂದರೆ ಭಾರತೀಯ ವೈದ್ಯರಿಗೆ ಅನ್ಯಾಯವಾಗುತ್ತದೆ. ಆದರೆ ಜಿನೀವಾಕ್ಕೆ ಹೊರಟಾಗ ಅವರು ಇದನ್ನು ಹೊತ್ತುಕೊಂಡೇ ಹೋದರು. 1969ರಲ್ಲಿ ಅವರಿಗೆ ಅಲ್ಲಿ ಯೋಜನಾ ವ್ಯವಸ್ಥೆಗಳ ವಿಶ್ಲೇಷಣೆ ಎಂಬ ಹೊಸ ವಿಭಾಗ ದೊರೆತದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ, ಏಕೆಂದರೆ ಬೆಂಗಳೂರಿನಲ್ಲಿ ನಡೆದದ್ದೂ ಹೆಸರಿಲ್ಲದ ಅದೇ ಕೆಲಸ.

ಆದ್ದರಿಂದ ನಾನಾಗಿದ್ದರೆ ತುಮಕೂರಿನಿಂದ ಆರಂಭಿಸುತ್ತಿದ್ದೆ.

ಉತ್ತರ 2: ಬೆಟಗೇರಿಯ ನಿವೃತ್ತ ಪ್ರಯೋಗಶಾಲಾ ತಂತ್ರಜ್ಞ, ಗದಗ

ಮೇಲಿನ ಗುರುಗಳು ಬರೆದದ್ದು ನಿಜ. ಆದರೆ ಅವರು ವರ್ಣಿಸಿದ ಕಾರ್ಯಕ್ರಮದ ತುದಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕುಳಿತವನು ನಾನು, ಹೀಗಾಗಿ ಕಾಗದದ ಮೇಲಿದ್ದ ಯೋಜನೆ ಊರಿಗೆ ಬಂದು ಮುಟ್ಟಿದಾಗ ಏನಾಯಿತೆಂಬುದನ್ನೂ ನೀವು ಗೋಷ್ಠಿಯಲ್ಲಿ ಹೇಳಬೇಕೆಂಬುದು ನನ್ನ ವಿನಂತಿ.

ನನಗೆ ಮೊದಲು ನೇಮಕವಾದ ಆರೋಗ್ಯ ಕೇಂದ್ರ ರೋಣ ತಾಲೂಕಿನಲ್ಲಿತ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೂಕ್ಷ್ಮದರ್ಶಕಕ್ಕೆ ಬಲ್ಬು ಇರಲಿಲ್ಲ, ಕೆಳಗಡೆ ಒಂದು ಗುಂಡು ಕನ್ನಡಿ ಇತ್ತು, ಅದನ್ನು ಕಿಟಕಿಯ ಕಡೆ ತಿರುಗಿಸಿ ಬಿಸಿಲನ್ನು ಹಿಡಿಯಬೇಕು. ಕಫವನ್ನು ಗಾಜಿನ ಪಟ್ಟಿಯ ಮೇಲೆ ಕಡ್ಡಿಯಿಂದ ಸವರಿ, ಒಣಗಿಸಿ, ಕೆಂಪು ಬಣ್ಣ ಸುರಿದು ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿಯಬೇಕು. ಆವಿ ಏಳಬೇಕು, ಕುದಿಯಬಾರದು. ಆಮೇಲೆ ಆಮ್ಲದಲ್ಲಿ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ, ಕ್ಷಯದ ಕ್ರಿಮಿ ಮಾತ್ರ ಕೆಂಪನ್ನು ಬಿಟ್ಟುಕೊಡುವುದಿಲ್ಲ. ಕೊನೆಗೆ ನೀಲಿ ಹಾಕಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಮೋಡದ ದಿನ ನೂರು ಕಡೆ ಕಣ್ಣಾಡಿಸಿದರೂ ಏನೂ ಕಾಣದೆ, ಮರುದಿನ ಬಿಸಿಲು ಬಿದ್ದಾಗ ಅದೇ ಪಟ್ಟಿಯಲ್ಲಿ ಐದಾರು ಕಡ್ಡಿ ಕಂಡದ್ದುಂಟು. ಇಷ್ಟು ಅಗ್ಗದ ಸಲಕರಣೆಯಿಂದ ಇಷ್ಟು ದೊಡ್ಡ ಕಾಯಿಲೆಯನ್ನು ಹಳ್ಳಿಯಲ್ಲಿಯೇ ಹಿಡಿಯಬಹುದು ಎಂಬುದು ಮಾಹ್ಲರ್ ಅವರ ಕಾಲದ ಕಲ್ಪನೆಯಾಗಿದ್ದರೆ, ಅದು ನೂರಕ್ಕೆ ನೂರು ಸರಿ ಎಂದು ನಾನು ಸಾಕ್ಷಿ ಹೇಳಬಲ್ಲೆ.

ಕೆಟ್ಟದ್ದು ಅದರ ಮುಂದಿನ ಹೆಜ್ಜೆ. ರೋಗಿಗೆ ತಿಂಗಳಿಗೊಮ್ಮೆ ಬಂದು ಗುಳಿಗೆ ಒಯ್ಯಲು ಹೇಳುತ್ತಿದ್ದೆವು. ಎರಡು ತಿಂಗಳಲ್ಲಿ ಕೆಮ್ಮು ನಿಂತು, ಮೈಗೆ ಸ್ವಲ್ಪ ಕಸುವು ಬಂದೊಡನೆ ಆತ ಸುಗ್ಗಿಗೋ ಗೋವೆಯ ಕೂಲಿಗೋ ಹೊರಟುಬಿಡುತ್ತಿದ್ದ. ಬಾರದವರಿಗೆ ನಾವು ಅಂಚೆ ಕಾರ್ಡು ಬರೆಯುತ್ತಿದ್ದೆವು. ಕಾರ್ಡನ್ನು ಅಂಚೆಯವನು ಓದುತ್ತಾನೆ, ಕಟ್ಟೆಯ ಮೇಲೆ ಕುಳಿತವರು ಓದುತ್ತಾರೆ, ಕೊನೆಗೆ ಮನೆಯವರಿಗೆ ಮುಟ್ಟುತ್ತದೆ. ಒಬ್ಬ ತಾಯಿ ಆ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಸಾಹೇಬ್ರ, ಇದನ್ನ ಓದಿ ಮಗಳ ಬೀಗತನ ಮುರಿದ್ರು. ಇನ್ನ ಮ್ಯಾಲೆ ಬರೀಬ್ಯಾಡ್ರಿ" ಎಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಅಂದಿನಿಂದ ನಾನು ನನ್ನ ಸ್ವಂತ ಹಣದಲ್ಲಿ ಇನ್‌ಲ್ಯಾಂಡ್ ಪತ್ರ ತಂದು ಬರೆಯತೊಡಗಿದೆ. ಅದಕ್ಕೆ ಮೇಲಿನ ಕಚೇರಿಯೊಂದರಿಂದ 'ಅನುಮೋದಿತ ನಮೂನೆಯಲ್ಲ' ಎಂದು ಟಿಪ್ಪಣಿ ಬಂತು. ಅಷ್ಟು ಮಾಡಿ ಕರೆಸಿದ ರೋಗಿಗೆ 'ಗುಳಿಗೆ ದಾಸ್ತಾನು ಇಲ್ಲ, ಮುಂದಿನ ವಾರ ಬಾ' ಎಂದು ಹೇಳಬೇಕಾದ ದಿನಗಳು ಕಡಿಮೆ ಇರಲಿಲ್ಲ.

1992ರಲ್ಲಿ ದೇಶದ ಇಡೀ ಕಾರ್ಯಕ್ರಮವನ್ನು ಪರಿಶೀಲಿಸಿದಾಗ, ಪತ್ತೆಯಾದ ರೋಗಿಗಳಲ್ಲಿ ಅರ್ಧದಷ್ಟು ಜನ ಕೂಡ ಚಿಕಿತ್ಸೆ ಪೂರ್ತಿ ಮಾಡಿಲ್ಲವೆಂಬುದು ಹೊರಬಿತ್ತು. ಆ ಮೇಲೆಯೇ 1997ರಿಂದ ಕಣ್ಣೆದುರಿಗೇ ಗುಳಿಗೆ ನುಂಗಿಸುವ ಡಾಟ್ಸ್ ಪದ್ಧತಿ ದೇಶದಲ್ಲಿ ಹಂತಹಂತವಾಗಿ ಜಾರಿಗೆ ಬಂದದ್ದು. ತಾನಾಗಿ ಬಾಗಿಲಿಗೆ ಬಂದವನನ್ನು ಗುರುತಿಸಿರೆಂದು ತುಮಕೂರು ಕಲಿಸಿತು. ಅವನು ಎರಡನೆಯ ಸಲ ಬಾರದಿದ್ದರೆ ಅದು ಯಾರ ತಪ್ಪೆಂಬುದನ್ನು ನಾವು ಮೂವತ್ತು ವರ್ಷ ಕೇಳಲೇ ಇಲ್ಲ.

ಸಪ್ತಾಪುರದ ವಿದ್ಯಾರ್ಥಿನಿ

ಇಬ್ಬರು ಹಿರಿಯರಿಗೂ ಕೃತಜ್ಞತೆಗಳು. ಅಂಚೆ ಕಾರ್ಡಿನ ಸಂಗತಿಯನ್ನು, ಸರ್ ಒಪ್ಪಿದರೆ, ಊರಿನ ಹೆಸರು ಹೇಳದೆ ಗೋಷ್ಠಿಯಲ್ಲಿ ಬಳಸಿಕೊಳ್ಳುತ್ತೇನೆ. ಮಾಹ್ಲರ್ ಅವರ ಮಹಾನಿರ್ದೇಶಕ ಹುದ್ದೆಯ ಹದಿನೈದು ವರ್ಷಗಳಲ್ಲಿ ಘೋಷಣೆಯ ಆಚೆಗೆ ಜನರ ಕೈಗೆ ದಕ್ಕಿದ್ದೇನು ಎಂಬುದನ್ನೂ ಯಾರಾದರೂ ತಿಳಿಸುವಿರಾ?

ಉತ್ತರ 3: ಔಷಧದಂಗಡಿಯವ, ಹುಬ್ಬಳ್ಳಿ

ನಾನು ವೈದ್ಯನಲ್ಲ, ತಂದೆಯವರ ಕಾಲದಿಂದ ಹುಬ್ಬಳ್ಳಿಯಲ್ಲಿ ಔಷಧದಂಗಡಿ ನಡೆಸುತ್ತಿರುವ ಫಾರ್ಮಸಿ ಪದವೀಧರ. ನನ್ನ ಲೆಕ್ಕದಲ್ಲಿ ಮಾಹ್ಲರ್ ಅವರ ಅತಿ ಗಟ್ಟಿ ಕೆಲಸ ಆಲ್ಮಾ ಆಟಾಕ್ಕಿಂತ ಒಂದು ವರ್ಷ ಮೊದಲೇ ಆಗಿತ್ತು.

1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೊಟ್ಟಮೊದಲ ಅಗತ್ಯ ಔಷಧಗಳ ಪಟ್ಟಿಯನ್ನು ಹೊರಡಿಸಿತು. ಸುಮಾರು 200 ಔಷಧಗಳಿದ್ದರೆ ಒಂದು ದೇಶದ ಬಹುಪಾಲು ಕಾಯಿಲೆಗಳನ್ನು ನಿಭಾಯಿಸಬಹುದು, ಬಡ ದೇಶಗಳು ತಮ್ಮಲ್ಲಿರುವ ಅಲ್ಪ ಹಣವನ್ನು ಮೊದಲು ಅವುಗಳ ಮೇಲೆ ಹಾಕಲಿ ಎಂಬುದು ಅದರ ತಿರುಳು. ಔಷಧಗಳನ್ನು ಕಂಪನಿಯ ಹೆಸರಿನಿಂದಲ್ಲದೆ ಮೂಲ ಹೆಸರಿನಿಂದ ಬರೆದಿದ್ದ ಆ ಪಟ್ಟಿ, ಒಂದೇ ಪ್ಯಾರಾಸಿಟಮಾಲ್ ಗುಳಿಗೆಯನ್ನು ಹತ್ತಾರು ಹೆಸರಿನಲ್ಲಿ ಹತ್ತಾರು ಬೆಲೆಗೆ ಕಪಾಟಿನಲ್ಲಿ ಜೋಡಿಸಿಡುವ ನನ್ನಂಥವನಿಗೆ ಎಷ್ಟು ದೊಡ್ಡ ಮಾತೆಂದು ಬೇಗ ಅರ್ಥವಾಗುತ್ತದೆ. ಭಾರತದ ಮೊದಲ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ ಬಂದದ್ದು 1996ರಲ್ಲಿ, ಅಂದರೆ ಹತ್ತೊಂಬತ್ತು ವರ್ಷ ತಡವಾಗಿ. ಇಂದು ಆ ಪಟ್ಟಿಯ ಮೇಲೆಯೇ ಬೆಲೆ ನಿಯಂತ್ರಣ ನಿಂತಿದೆ.

ಇನ್ನೊಂದು ಕೆಲಸ ಹಾಲಿನ ಪುಡಿಯದು. ನಮ್ಮ ಅಟ್ಟದ ಮೇಲೆ ತಂದೆಯವರ ಕಾಲದ ಒಂದು ಡಬ್ಬಿ ಇತ್ತು, ಅದರ ಮೇಲೆ ಗಲ್ಲ ತುಂಬಿಕೊಂಡ ಒಂದು ಮಗುವಿನ ಚಿತ್ರ. ಅವ್ವ ಅದರಲ್ಲಿ ಸಾಸಿವೆ ಹಾಕಿಡುತ್ತಿದ್ದಳು. ಆ ಚಿತ್ರ ನೋಡಿಯೇ ಎಷ್ಟೋ ತಾಯಂದಿರು ತಮ್ಮ ಎದೆಹಾಲು ಸಾಲದೆಂದು ನಂಬಿ, ಬಾವಿಯ ನೀರಿಗೆ ಪುಡಿ ಕಲಸಿ, ಡಬ್ಬಿ ತಿಂಗಳಿಡೀ ಬರಲೆಂದು ತೆಳ್ಳಗೆ ಮಾಡಿ ಕುಡಿಸುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿಗೆ ಬದಲಿಯಾದ ಪದಾರ್ಥಗಳ ಮಾರಾಟ ಸಂಹಿತೆಯನ್ನು ಮತಕ್ಕೆ ಹಾಕಿದಾಗ ಪರವಾಗಿ 118 ದೇಶಗಳು ನಿಂತವು. ವಿರೋಧಿಸಿದ್ದು ಒಂದೇ ಒಂದು ದೇಶ, ಅಮೆರಿಕ. ನಮ್ಮಲ್ಲಿ ಅದಕ್ಕೆ ಕಾನೂನಿನ ಬಲ ಬಂದದ್ದು 1992ರಲ್ಲಿ. ಇಂದು ನನ್ನ ಅಂಗಡಿಯ ಯಾವ ಡಬ್ಬಿಯ ಮೇಲೂ ಮಗುವಿನ ಚಿತ್ರವಿಲ್ಲ, ತಾಯಿಯ ಹಾಲೇ ಶ್ರೇಷ್ಠ ಎಂಬ ಸಾಲು ಮಾತ್ರ ಕಡ್ಡಾಯವಾಗಿ ಇರುತ್ತದೆ.

ಇವುಗಳಿಗೆ ಮಾಹ್ಲರ್ ಬೆಲೆ ತೆತ್ತರು. ಸಂಸ್ಥೆಯ ವಂತಿಗೆಯಲ್ಲಿ ಅತಿ ದೊಡ್ಡ ಪಾಲು ಕೊಡುತ್ತಿದ್ದ ಅಮೆರಿಕ 1985ರಲ್ಲಿ ತನ್ನ ಹಣವನ್ನು ತಡೆಹಿಡಿಯಿತು. ಅಗತ್ಯ ಔಷಧಗಳ ಕಾರ್ಯಕ್ರಮದ ಮೇಲಿನ ಸಿಟ್ಟು ಅದರ ಕಾರಣಗಳಲ್ಲಿ ಒಂದು. ಸಾಲ ಕೊಡುವ ಸಾಹುಕಾರನ ಎದುರಿಗೆ ನ್ಯಾಯ ಮಾತನಾಡಿದರೆ ಏನಾಗುತ್ತದೆಂಬುದು ವ್ಯಾಪಾರಿಗಳಿಗೆ ತಿಳಿದದ್ದೇ.

ಒಂದು ತಪ್ಪೊಪ್ಪಿಗೆಯನ್ನೂ ಬರೆದುಬಿಡುತ್ತೇನೆ. ಉತ್ತರ 1ರಲ್ಲಿ ತುಮಕೂರಿನ ಕೆಮ್ಮಿನ ಶೀಶೆಯ ಮಾತನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ಮೂರು ವಾರದಿಂದ ಕೆಮ್ಮುತ್ತಿದ್ದೇನೆಂದು ಬಂದವರಿಗೆ ನಾನೇ ಎಷ್ಟು ಸಲ ಶೀಶೆ ಕೊಟ್ಟು ಚಿಲ್ಲರೆ ಎಣಿಸಿದ್ದೇನೋ, ಲೆಕ್ಕವಿಲ್ಲ.

ಉತ್ತರ 4: ಹಿರಿಯ ಆರೋಗ್ಯ ಸಹಾಯಕಿ, ಹಾವೇರಿ ಜಿಲ್ಲೆ

ತಂಗಿಗೆ ಶುಭಾಶಯ. ಸೋಲೋ ಗೆಲುವೋ ಎಂಬ ಪ್ರಶ್ನೆಗೆ ನನ್ನ ಅನುಭವದ ಕಡೆಯಿಂದ ಉತ್ತರಿಸಲು ಯತ್ನಿಸುತ್ತೇನೆ.

ಆಲ್ಮಾ ಆಟಾ ಘೋಷಣೆಯಲ್ಲಿ ಪ್ರಾಥಮಿಕ ಆರೋಗ್ಯ ರಕ್ಷಣೆಗೆ ಎಂಟು ಅಂಗಗಳನ್ನು ಹೇಳಿದ್ದರು: ಆರೋಗ್ಯ ಶಿಕ್ಷಣ, ಆಹಾರ, ಶುದ್ಧ ನೀರು ಮತ್ತು ನೈರ್ಮಲ್ಯ, ಕುಟುಂಬ ಯೋಜನೆಯೂ ಸೇರಿದಂತೆ ತಾಯಿ ಮಕ್ಕಳ ಆರೈಕೆ, ಲಸಿಕೆ, ಸ್ಥಳೀಯ ರೋಗಗಳ ತಡೆ, ಸಾಮಾನ್ಯ ಕಾಯಿಲೆಗಳ ಚಿಕಿತ್ಸೆ, ಅಗತ್ಯ ಔಷಧ. ಮರುವರ್ಷವೇ ಅಮೆರಿಕದ ತಜ್ಞರು, ಇಷ್ಟನ್ನೆಲ್ಲ ಒಟ್ಟಿಗೆ ಮಾಡಲು ಬಡ ದೇಶಗಳಿಗೆ ಆಗದು, ಅತಿ ಹೆಚ್ಚು ಸಾವು ತರುವ ಕೆಲವು ಕಾಯಿಲೆಗಳನ್ನು ಮಾತ್ರ ಆರಿಸಿಕೊಳ್ಳಿರಿ ಎಂದು ವಾದಿಸಿದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ಮುಖ್ಯಸ್ಥರಾಗಿ ಬಂದ ಜೇಮ್ಸ್ ಗ್ರಾಂಟ್ ಆ ದಾರಿಯನ್ನೇ ಹಿಡಿದು, ಮಗುವಿನ ತೂಕ ನೋಡುವುದು, ಓ.ಆರ್.ಎಸ್. ಕುಡಿಸುವುದು, ಎದೆಹಾಲು, ಲಸಿಕೆ ಈ ನಾಲ್ಕಕ್ಕೆ ಒತ್ತು ಕೊಟ್ಟರು. ಆಲ್ಮಾ ಆಟಾವನ್ನು ಜೊತೆಯಾಗಿ ನಡೆಸಿದ ಎರಡು ಸಂಸ್ಥೆಗಳೇ ಹೀಗೆ ಬೇರೆ ಬೇರೆ ದಾರಿ ಹಿಡಿದವು, ಇದು ಮಾಹ್ಲರ್ ಅವರಿಗೆ ಹಿಡಿಸಲಿಲ್ಲ. ತುಂಡು ತುಂಡಾಗಿ ಮಾಡಿದ ಕೆಲಸ ಊರಿನಲ್ಲಿ ಬೇರು ಬಿಡುವುದಿಲ್ಲ ಎಂಬುದು ಅವರ ನಿಲುವು.

ಪುಸ್ತಕಗಳಲ್ಲಿ ಇವರಿಬ್ಬರನ್ನು ಎದುರಾಳಿಗಳೆಂದು ತೋರಿಸುತ್ತಾರೆ. ಉಪಕೇಂದ್ರದಲ್ಲಿ ಕುಳಿತವರಿಗೆ ಅಷ್ಟು ಸುಲಭವಾಗಿ ಒಬ್ಬರ ಪಕ್ಷ ಹಿಡಿಯಲಾಗದು. ಒಂದು ಓ.ಆರ್.ಎಸ್. ಪೊಟ್ಟಣವನ್ನು ಲೀಟರ್ ನೀರಿನಲ್ಲಿ ಕದಡಿ, ಕಣ್ಣು ಗುಳಿಬಿದ್ದ ಕೂಸಿಗೆ ಚಮಚ ಚಮಚವಾಗಿ ಕುಡಿಸುತ್ತಾ ಕುಳಿತು, ಸಂಜೆಯ ಹೊತ್ತಿಗೆ ಆ ಕೂಸು ಅತ್ತಾಗ ಬಂದ ಸಮಾಧಾನ ನನಗೆ ಗೊತ್ತು. ಗ್ರಾಂಟ್ ಅವರನ್ನು ನಾನು ಬೈಯಲಾರೆ. ಆದರೆ ಅದೇ ಕೂಸು ಇಪ್ಪತ್ತು ದಿನಕ್ಕೆ ಮತ್ತೆ ಭೇದಿ ಹಚ್ಚಿಕೊಂಡು ಬಂದಾಗ, ಕೆರೆಯ ನೀರಿನ ಪೈಪಿಗೆ ಚರಂಡಿ ಸೇರಿದ್ದನ್ನು ಸರಿಪಡಿಸುವವರು ಯಾರೂ ಇಲ್ಲವೆಂದು ಕಂಡಾಗ, ಮಾಹ್ಲರ್ ಹೇಳಿದ್ದು ಇದನ್ನೇ ಅಲ್ಲವೇ ಎನಿಸುತ್ತದೆ.

ಬ್ಯಾಡಗಿಯ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳೆಲ್ಲರಿಗೂ ಹಂಗಾಮಿನಲ್ಲಿ ಕೆಮ್ಮು ಇದ್ದದ್ದೇ. ಬಾಯಿಗೆ ಸೆರಗು ಕಟ್ಟಿಕೊಂಡು ಕುಳಿತ ಒಬ್ಬಾಕೆಗೆ ಕಫ ಪರೀಕ್ಷೆ ಮಾಡಿಸೋಣವೆಂದರೆ, "ಘಾಟಿಗೆ ಬಂದ ಕೆಮ್ಮರೀ ಅಕ್ಕಾರ, ಇದಕ್ಕೆಲ್ಲಾ ಡಬ್ಬಿ ಯಾಕ?" ಎಂದು ನಕ್ಕಳು. ಅವಳ ಮಾತು ಸುಳ್ಳೂ ಅಲ್ಲ, ಸುತ್ತಲಿನ ಇಪ್ಪತ್ತು ಜನರೂ ಕೆಮ್ಮುತ್ತಿದ್ದರು. ನಾನು ಎರಡು ಸಲ ಹೋಗಿ ಸೋತೆ. ಮೂರನೆಯ ಸಲ ಅದೇ ಓಣಿಯ ಆಶಾ ಕಾರ್ಯಕರ್ತೆ ಸಂಜೆ ಅವಳ ಮನೆಗೆ ಹೋಗಿ, ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕುಳಿತು ಮಾತನಾಡಿ, "ಹಂಗಾಮು ಮುಗದ ತಿಂಗಳಾತು, ಇನ್ನೂ ಕೆಮ್ಮತೀಯಲ್ಲ" ಎಂದು ಒಂದೇ ಮಾತು ಹೇಳಿ ಡಬ್ಬಿ ಕೊಟ್ಟು ಬಂದಳು. ಬೆಳಗಿನ ಕಫದಲ್ಲಿ ಕ್ರಿಮಿ ಸಿಕ್ಕಿತು, ಆರು ತಿಂಗಳು ಗುಳಿಗೆ ನುಂಗಿ ಆಕೆ ಗುಣವಾದಳು. ಊರಿನವರೇ ಊರಿನ ಆರೋಗ್ಯ ನೋಡಿಕೊಳ್ಳಬೇಕೆಂಬ ಮಾತನ್ನು 1978ಕ್ಕೆ ಮೊದಲೇ ನಮ್ಮ ನೆರೆಯ ಮಹಾರಾಷ್ಟ್ರದ ಜಾಮಖೇಡದಲ್ಲಿ ಅರೋಳೆ ದಂಪತಿಗಳು ಮಾಡಿ ತೋರಿಸಿದ್ದರು, ಜಿನೀವಾದವರು ಅದನ್ನು ಗಮನಿಸಿದ್ದರು. ನಮ್ಮ ದೇಶದಲ್ಲಿ ಆಶಾ ಬಂದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಗೌರವಧನಕ್ಕಾಗಿ ಆ ಹೆಣ್ಣುಮಕ್ಕಳು ಈಗಲೂ ರಸ್ತೆಗಿಳಿಯಬೇಕಾಗಿದೆ, ಅದನ್ನೂ ಗೋಷ್ಠಿಯಲ್ಲಿ ಹೇಳು.

ಉತ್ತರ 5: ವಿದ್ಯಾನಗರದ ನಿವೃತ್ತ ಅಧ್ಯಾಪಕ, ಹುಬ್ಬಳ್ಳಿ

ಬೆಟಗೇರಿಯವರ ತಿದ್ದುಪಡಿಯನ್ನು ಒಪ್ಪುತ್ತೇನೆ, ನಾನು ಯೋಜನೆಯನ್ನು ಮಾತ್ರ ಹೊಗಳಿ ನಿಲ್ಲಿಸಿದ್ದೆ. ಎರಡು ಸಂಗತಿಗಳನ್ನು ಸೇರಿಸಬೇಕು.

'ಎಲ್ಲರಿಗೂ ಆರೋಗ್ಯ' ಎಂದರೆ 2000ನೇ ಇಸವಿಗೆ ಯಾರಿಗೂ ಕಾಯಿಲೆ ಇರುವುದಿಲ್ಲ ಎಂಬ ಭರವಸೆಯಾಗಿರಲಿಲ್ಲ. ಸಾಮಾಜಿಕವಾಗಿಯೂ ಆರ್ಥಿಕವಾಗಿಯೂ ದುಡಿದು ಬಾಳಲು ಬೇಕಾಗುವಷ್ಟು ಆರೋಗ್ಯ ಪ್ರತಿಯೊಬ್ಬರಿಗೂ ದೊರೆಯಬೇಕೆಂದು 1977ರ ವಿಶ್ವ ಆರೋಗ್ಯ ಸಭೆಯ ನಿರ್ಣಯ ಹೇಳಿತ್ತು. ಇಸವಿಯೊಂದನ್ನು ಗೊತ್ತುಮಾಡಿದ್ದು ಜಾಣತನವೇ ಅಲ್ಲವೇ ಎಂಬ ಚರ್ಚೆ ಬೇರೆ. ನನ್ನ ಮಟ್ಟಿಗೆ ಅದು ದುಡುಕು, ಏಕೆಂದರೆ ಇಸವಿ ಕಳೆದೊಡನೆ ಎಲ್ಲರೂ ಇಸವಿಯನ್ನು ಹಿಡಿದು ನಕ್ಕು, ಮಾತನ್ನೇ ಮರೆತರು. ಸಮ್ಮೇಳನದ ಒಳಗೂ ಎಲ್ಲವೂ ಸುಸೂತ್ರವಾಗಿರಲಿಲ್ಲ. ಅದನ್ನು ತಮ್ಮಲ್ಲೇ ನಡೆಸಬೇಕೆಂದು ಪಟ್ಟು ಹಿಡಿದು ಹಣ ಕೊಟ್ಟದ್ದು ಸೋವಿಯತ್ ಒಕ್ಕೂಟ. ಅಲ್ಲಿನದು ವೈದ್ಯರು ಮತ್ತು ಆಸ್ಪತ್ರೆಗಳನ್ನೇ ನೆಚ್ಚಿದ ವ್ಯವಸ್ಥೆಯಾದ್ದರಿಂದ ಮಾಹ್ಲರ್ ಅವರಿಗೆ ಮೊದಲು ಅಷ್ಟು ಮನಸ್ಸಿರಲಿಲ್ಲ. 134 ದೇಶಗಳ ಪ್ರತಿನಿಧಿಗಳು ಬಂದರು, ಆದರೆ ಅಲ್ಪಕಾಲದ ತರಬೇತಿ ಪಡೆದು ಹಳ್ಳಿಗಳಲ್ಲಿ ದುಡಿಯುತ್ತಿದ್ದ ತನ್ನ 'ಬರಿಗಾಲ ವೈದ್ಯರ' ಮೂಲಕ ಈ ಇಡೀ ಕಲ್ಪನೆಗೆ ಸ್ಫೂರ್ತಿಯಾಗಿದ್ದ ಚೀನಾ ಬರಲಿಲ್ಲ, ಸೋವಿಯತ್ತಿನೊಂದಿಗಿನ ಮನಸ್ತಾಪ ಅಷ್ಟಿತ್ತು.

ಎರಡನೆಯದು ಏಡ್ಸ್. ಆ ಕಾಯಿಲೆ ಹಬ್ಬತೊಡಗಿದ ಮೊದಲ ವರ್ಷಗಳಲ್ಲಿ ಮಾಹ್ಲರ್ ಅದನ್ನು ಹಗುರವಾಗಿ ಕಂಡರು. ಮಲೇರಿಯಾ, ಭೇದಿಗಳಿಂದ ಸಾಯುವವರ ಮುಂದೆ ಇದು ಶ್ರೀಮಂತ ದೇಶಗಳ ತಲೆನೋವೆಂಬಂತೆ ನಡೆದುಕೊಂಡರು. 1986ರ ಕೊನೆಯಲ್ಲಿ ಪತ್ರಕರ್ತರ ಮುಂದೆಯೇ, ಇದರ ಗಾಂಭೀರ್ಯವನ್ನು ನಂಬದಿದ್ದವರಲ್ಲಿ ತಾನೂ ಒಬ್ಬನೆಂದು ಒಪ್ಪಿಕೊಂಡರು. ಮರುವರ್ಷ ಜೊನಾಥನ್ ಮಾನ್ ಅವರ ಮುಂದಾಳುತನದಲ್ಲಿ ಏಡ್ಸ್ ವಿರುದ್ಧದ ಜಾಗತಿಕ ಕಾರ್ಯಕ್ರಮ ಕಾಲೂರಿತು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಹಾಗೆ ನೇರವಾಗಿ ತಪ್ಪೊಪ್ಪಿಕೊಂಡದ್ದು ಅಪರೂಪ. ತಡವಾದದ್ದೂ ಅಷ್ಟೇ ನಿಜ, ಅದನ್ನು ಮುಚ್ಚಿಡಬೇಡಿರಿ.

ಸಿಡುಬಿನ ನಿರ್ಮೂಲನೆಯನ್ನು 1980ರ ಮೇ 8ರಂದು ಘೋಷಿಸಿದ್ದು ಅವರ ಅವಧಿಯಲ್ಲಿಯೇ ಆದರೂ, ಆ ಕೀರ್ತಿಯನ್ನು ಅವರ ತಲೆಗೆ ಕಟ್ಟಬಾರದು. ಅದು ಒಂದೇ ಕಾಯಿಲೆಯ ಬೆನ್ನುಹತ್ತಿ ಗೆದ್ದ ಪ್ರತ್ಯೇಕ ಕಾರ್ಯಾಚರಣೆ, ಅವರು ನಂಬಿದ್ದ ದಾರಿಗೆ ಒಂದು ರೀತಿಯಲ್ಲಿ ವಿರುದ್ಧ ದಿಕ್ಕಿನದು.

ಸಪ್ತಾಪುರದ ವಿದ್ಯಾರ್ಥಿನಿ

ಮಾರ್ಗದರ್ಶಕರಿಗೆ ಈ ಚರ್ಚೆಯನ್ನು ತೋರಿಸಿದೆ. ಓದಿ, "ತುಮಕೂರಿನಿಂದ ಸುರು ಮಾಡು, ಆದ್ರ ಹತ್ತು ನಿಮಿಷದಾಗ ಜಿನೀವಾ ಮುಟ್ಟು" ಎಂದರು. ಆಸ್ಪತ್ರೆಗೆ ಹೋಗಿ ಕೆಮ್ಮಿನ ಶೀಶೆ ಹಿಡಿದುಕೊಂಡು ಮನೆಗೆ ಮರಳಿದ ರೋಗಿಯಿಂದ ಆರಂಭಿಸಿ, ಅಂಚೆ ಕಾರ್ಡು ತಂದ ತಾಯಿಯಲ್ಲಿಗೆ ಭಾರತದ ಭಾಗವನ್ನು ಮುಗಿಸುತ್ತೇನೆ. ಅಲ್ಲಿಂದ ಅಗತ್ಯ ಔಷಧಗಳ ಪಟ್ಟಿ, ಎಂಟು ಅಂಗಗಳು, ಗ್ರಾಂಟ್ ಅವರೊಂದಿಗಿನ ಭಿನ್ನಮತ, ಏಡ್ಸ್ ಈ ಕ್ರಮದಲ್ಲಿ ಹೋಗುತ್ತೇನೆ. ಸಾಸಿವೆ ಡಬ್ಬಿಯ ಫೋಟೊ ದೊರೆಯಬಹುದೇ?

ಔಷಧದಂಗಡಿಯವ, ಹುಬ್ಬಳ್ಳಿ

ಡಬ್ಬಿಯನ್ನು ಹಿಂದಿನ ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವಾಗ ಗುಜರಿಗೆ ಹಾಕಿದರು ಕಣಮ್ಮಾ. ಕ್ಷಮಿಸು.

ಬೆಟಗೇರಿಯ ನಿವೃತ್ತ ಪ್ರಯೋಗಶಾಲಾ ತಂತ್ರಜ್ಞ, ಗದಗ

ಅಂಚೆ ಕಾರ್ಡಿನ ಸಂಗತಿಯನ್ನು ಧಾರಾಳವಾಗಿ ಬಳಸಿಕೊಳ್ಳಬಹುದು, ತಾಯಿಯ ಗುರುತು ಸಿಗದಂತೆ ಹೇಳಿದರೆ ಸಾಕು. ಗಾಜಿನ ಪಟ್ಟಿಗಳನ್ನು ಇಡುತ್ತಿದ್ದ ಹಳೆಯ ಮರದ ಪೆಟ್ಟಿಗೆಯೊಂದು ನನ್ನಲ್ಲಿದೆ, ಖಾಲಿ ಪಟ್ಟಿಗಳೂ ಕೆಲವು ಇವೆ. ಗೋಷ್ಠಿಯ ದಿನ ಮೇಜಿನ ಮೇಲೆ ಇಡಲು ಬೇಕಾದರೆ, ನಾನು ಬರುವ ಬುಧವಾರ ಧಾರವಾಡಕ್ಕೆ ಮಗಳ ಮನೆಗೆ ಬರುವವನಿದ್ದೇನೆ, ತಂದುಕೊಡುತ್ತೇನೆ. ಗೋಷ್ಠಿ ಮುಗಿದ ಮೇಲೆ ಮರಳಿಸಿದರಾಯಿತು.